ಫೈನಲಿಗೆ ಹೋಗದ ತಂಡ

ಕುಟ್ಟದಿಂದ ಗಡಿ ದಾಟಿದರೆ ಸಿಗುವ ತೋಲ್ಪೆಟ್ಟಿಯಲ್ಲಿ ನನ್ನ ಫೋಟೋ ಸ್ಟುಡಿಯೋದ ಎದುರಿಗೇ ಆಟೋ ಸ್ಟ್ಯಾಂಡು. ಅಲ್ಲಿ ಆಟೋ ಓಡಿಸುತ್ತಿದ್ದವರಲ್ಲಿ ಒಬ್ಬಳೇ ಹೆಣ್ಣುಮಗಳು ಇದ್ದಳು. ಮಾನಂತವಾಡಿಯಲ್ಲಿ ಕಾಲೇಜು ಓದುವಾಗ ಫುಟ್‌ಬಾಲ್ ಆಡಿದ್ದಳಂತೆ. ಮೊಣಕಾಲು ತಿರುಚಿಕೊಂಡ ಮೇಲೆ ಆಟ ನಿಂತಿತು, ಅಪ್ಪ ತೀರಿಕೊಂಡ ಮೇಲೆ ಅವರ ಆಟೋ ಇವಳ ಕೈಗೆ ಬಂತು. ಅವಳ ಮನೆಯವರೂ ನಮ್ಮ ಹಾಗೆಯೇ ಎಂದೋ ಹುಣಸೂರು ಕಡೆಯಿಂದ ಬಂದವರು. ಮನೆಯಲ್ಲಿ ಕನ್ನಡ, ಹೊರಗೆ ಮಲೆಯಾಳ. ನನ್ನನ್ನು ಅಣ್ಣಾ ಎನ್ನುತ್ತಿದ್ದಳು. ನನಗೂ ಅವಳು ತಂಗಿಯ ಹಾಗೆಯೇ. ಆದರೆ ಊರಿನ ಮಕ್ಕಳೆಲ್ಲ ಮಲೆಯಾಳದಲ್ಲಿ ಅಕ್ಕನಿಗೆ ಹೇಳುವಂತೆ ಚೇಚಿ ಎನ್ನುತ್ತಿದ್ದುದರಿಂದ ದೊಡ್ಡವರ ಬಾಯಲ್ಲೂ ಅವಳು ಚೇಚಿಯಾಗಿಬಿಟ್ಟಿದ್ದಳು.

ಕೊಯ್ಲು ಮುಗಿದ ಗದ್ದೆಯೊಂದರಲ್ಲಿ ಅವಳು ಹೆಣ್ಣುಮಕ್ಕಳಿಗೆ ಫುಟ್‌ಬಾಲ್ ಕಲಿಸತೊಡಗಿದಾಗ ಸ್ಟ್ಯಾಂಡಿನವರು ನಕ್ಕರು. ಶಾಲೆ ಬಿಡುವ ಹೊತ್ತೆಂದರೆ ಆಟೋದವರಿಗೆ ಬಾಡಿಗೆಯ ಹೊತ್ತು. ಅದೇ ಹೊತ್ತಿಗೆ ಇವಳು ಮಕ್ಕಳನ್ನು ಪುಕ್ಕಟೆ ತುಂಬಿಕೊಂಡು, ಚೆಂಡುಗಳ ಬಲೆಯನ್ನು ಹಿಂದೆ ನೇತುಹಾಕಿಕೊಂಡು ಗದ್ದೆಗೆ ಹೋಗುತ್ತಿದ್ದಳು. ಕತ್ತಲಾಗುವ ಮುಂಚೆಯೇ ಎಲ್ಲರನ್ನೂ ಮನೆಮನೆಗೆ ಬಿಟ್ಟು ಬರಬೇಕು. ಆಮೇಲೆ ಆ ಗದ್ದೆಗೆ ಆನೆ ಇಳಿಯುತ್ತಿತ್ತು. ಬೆಳಿಗ್ಗೆ ಹೋದರೆ ಅವರು ಗೋಲಿಗೆಂದು ನೆಟ್ಟ ಬಿದಿರು ಮುರಿದು ಬಿದ್ದಿರುತ್ತಿತ್ತು. ಸಂಜೆ ಮತ್ತೆ ನೆಡುತ್ತಿದ್ದರು.

ನನ್ನ ಮಗಳು ಆ ಗುಂಪಿಗೆ ಸೇರಿದ್ದು ನನ್ನನ್ನು ಕೇಳಿ ಅಲ್ಲ. ಮೊಣಕಾಲವರೆಗೆ ಕೆಸರು ಮಾಡಿಕೊಂಡು ಬಂದ ದಿನ ಅವಳಮ್ಮ ಬೈದಳು, ನಾನು ಸುಮ್ಮನಿದ್ದೆ. ಮರುದಿನ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ನೋಡಿಬರೋಣವೆಂದು ಹೋದೆ. ಮಗಳು ಓಡುವುದನ್ನು ನಾನು ಅದುವರೆಗೆ ಸರಿಯಾಗಿ ನೋಡಿರಲೇ ಇಲ್ಲ. ಲೆನ್ಸಿನೊಳಗೆ ಅವಳು ಯಾರದೋ ಮಗಳ ಹಾಗೆ ಕಂಡಳು. ಅಂದಿನಿಂದ ಮದುವೆ, ಗೃಹಪ್ರವೇಶ ಇಲ್ಲದ ಸಂಜೆಗಳಲ್ಲೆಲ್ಲ ನಾನು ಗದ್ದೆಯ ಬದುವಿನ ಮೇಲೆ ಮಂಡಿಯೂರಿ ಕೂತಿರುತ್ತಿದ್ದೆ.

ಮದುವೆಯ ಫೋಟೋ ತೆಗೆಯುವವನಿಗೆ ಆಟದ ಫೋಟೋ ಕಷ್ಟ. ಮದುಮಗಳಿಗೆ "ಇತ್ತ ನೋಡು, ಗದ್ದ ಸ್ವಲ್ಪ ಮೇಲೆತ್ತು" ಎನ್ನಬಹುದು. ಚೆಂಡಿನ ಹಿಂದೆ ಓಡುವ ಮಗುವಿಗೆ ಏನೂ ಹೇಳುವಂತಿಲ್ಲ. ಮೊದಮೊದಲು ತೆಗೆದದ್ದರಲ್ಲಿ ಬರಿಯ ಧೂಳು, ಅರ್ಧ ಕಾಲು, ಚೌಕಟ್ಟಿನಾಚೆ ಹೋದ ಚೆಂಡು. ಬರಬರುತ್ತ ಕೈ ಪಳಗಿತು. ಇಳಿಬಿಸಿಲಿಗೆ ಬೆನ್ನು ಕೊಟ್ಟು ಕೂರುವುದು, ಚೆಂಡು ಬರುವುದಕ್ಕೆ ಮೊದಲೇ ಬೆರಳು ಸಿದ್ಧವಾಗಿರುವುದು, ಇದೆಲ್ಲ ಅಭ್ಯಾಸವಾಯಿತು. ಒಳ್ಳೆಯವನ್ನು ಆರಿಸಿ ಅಪ್ಪ ಅಮ್ಮಂದಿರ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೆ. ಪ್ರತಿಯೊಬ್ಬರೂ ತಮ್ಮ ಮಗುವನ್ನು ಬೆರಳಿಂದ ಹಿಗ್ಗಿಸಿ ನೋಡಿ, ಹೃದಯದ ಗುರುತು ಒತ್ತಿ ಮುಗಿಸುತ್ತಿದ್ದರು.

ಒಂದು ಸಂಜೆ ಚೇಚಿ ನನ್ನ ಪಕ್ಕ ಬಂದು ಕೂತು, ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಅಂದಿನ ಫೋಟೋಗಳನ್ನು ಒಂದೊಂದಾಗಿ ಸರಿಸಿ ನೋಡಿದಳು.

"ಎಲ್ಲದರಲ್ಲೂ ನಿಮ್ಮ ಮಗಳೇ ಇದಾಳಲ್ಲಾ ಅಣ್ಣಾ" ಎಂದು ನಕ್ಕಳು.

"ಅವಳ ಹತ್ತಿರ ತಾನೆ ಚೆಂಡು ಇರೋದು?" ಎಂದೆ.

"ಅದು ಸರಿ. ಚೆಂಡು ಇಲ್ಲದವರದ್ದೂ ಸ್ವಲ್ಪ ತೆಗೀರಿ. ಅವರು ಸುಮ್ಮನೆ ನಿಂತಿರಲ್ಲ."

ನಾನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಆದರೂ ಅವಳ ಮಾತು ಮೀರಬಾರದೆಂದು ಆಗೊಂದು ಈಗೊಂದು ತೆಗೆದೆ. ಬಲಗಡೆ ಅಂಚಿನಲ್ಲಿ ಆಡುತ್ತಿದ್ದ ಒಂದು ಸಣಕಲು ಹುಡುಗಿ ಇದ್ದಳು. ಓಡುತ್ತ ಓಡುತ್ತ ಹಿಂದಿರುಗಿ ನೋಡುವುದು ಅವಳ ಅಭ್ಯಾಸ, ತನ್ನ ಹಿಂದೆ ಯಾರಾದರೂ ಬರುತ್ತಿದ್ದಾರೋ ಇಲ್ಲವೋ ಎಂದು. ಆ ನೋಟ ನನಗೆ ಚೆನ್ನಾಗಿ ಸಿಕ್ಕಿತ್ತು. ಗುಂಪಿನಲ್ಲಿ ಆ ಫೋಟೋಗೆ ಯಾರೂ ಏನೂ ಹೇಳಲಿಲ್ಲ. ಆ ಹುಡುಗಿಯ ಅಮ್ಮ ಎಸ್ಟೇಟಿನಲ್ಲಿ ಕೆಲಸಕ್ಕೆ ಹೋಗುವವಳು, ಅವಳ ಫೋನಿಗೆ ವಾಟ್ಸಾಪೇ ಬರುತ್ತಿರಲಿಲ್ಲ. ಶಾಲೆಯಿಂದ ಬಂದ ಮೇಲೆ ಹುಡುಗಿಯನ್ನು ನೋಡಿಕೊಳ್ಳುತ್ತಿದ್ದವನು ಅವಳ ಅಜ್ಜನ ತಮ್ಮ. ಆಟ ನಡೆಯುವಾಗ ಆ ಮುದುಕ ಬದುವಿನಾಚೆ ಬೀಡಿ ಸೇದುತ್ತ ಕೂತಿದ್ದು, ಕಾಫಿ ಗಿಡಗಳ ನಡುವೆ ಚೆಂಡು ಹೋದರೆ ಹುಡುಕಿ ಎಸೆಯುತ್ತಿದ್ದ.

ಆ ವರ್ಷ ಜಿಲ್ಲೆಯಲ್ಲಿ ಹುಡುಗಿಯರ ಸೆವೆನ್ಸ್ ಪಂದ್ಯಾವಳಿ ನಡೆಯಿತು. ಒಂದೊಂದು ತಂಡಕ್ಕೆ ಏಳು ಜನ ಆಡುವ ಆಟ. ನಮ್ಮ ಮಕ್ಕಳು ಒಂದಾದ ಮೇಲೊಂದು ಗೆಲ್ಲುತ್ತ ಹೋದರು. ಕೇಣಿಚಿರದಲ್ಲಿ ನಡೆದ ಸೆಮಿಫೈನಲಿನಲ್ಲಿ ನನ್ನ ಮಗಳು ಹೊಡೆದ ಗೋಲಿನ ಫೋಟೋ ನಾನು ತೆಗೆದದ್ದರಲ್ಲೆಲ್ಲ ಒಳ್ಳೆಯದು. ಕಾಲು ಇನ್ನೂ ಗಾಳಿಯಲ್ಲಿದೆ, ಚೆಂಡು ಬಲೆಯನ್ನು ಉಬ್ಬಿಸಿದೆ. ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಸ್ಟುಡಿಯೋದ ಗಾಜಿನೊಳಗೆ ಇಟ್ಟೆ. ಬತ್ತೇರಿಯಲ್ಲಿ ನಡೆಯುವ ಫೈನಲಿಗೆ ಸ್ಪೋರ್ಟ್ಸ್ ಹಾಸ್ಟೆಲಿನವರು ಮಕ್ಕಳನ್ನು ಆರಿಸಲು ಬರುತ್ತಾರೆಂದು ಸುದ್ದಿಯಿತ್ತು. ಆರಿಸಿದರೆ ಓದು, ಊಟ, ಆಟ ಎಲ್ಲ ಅವರದೇ. ನಾನೂ ನನ್ನ ಹೆಂಡತಿಯೂ ಆ ವಾರವೆಲ್ಲ ಬೇರೆ ಮಾತೇ ಆಡಲಿಲ್ಲ. ಬೈದಿದ್ದ ಅವಳೇ ಈಗ ಮಗಳಿಗೆ ದಿನಾ ಮೊಟ್ಟೆ ಬೇಯಿಸಿಕೊಡುತ್ತಿದ್ದಳು.

ಫೈನಲಿನ ದಿನ ಬೆಳಿಗ್ಗೆ ಬಾಡಿಗೆ ಜೀಪೊಂದರಲ್ಲಿ ಮಕ್ಕಳು, ಚೇಚಿ ಮತ್ತು ನಾನು ಹೊರಟೆವು. ಹೊಸ ಜೆರ್ಸಿ. ಮಕ್ಕಳು ಹಾಡುತ್ತಿದ್ದರು. ಕಾಡು ದಾಟಿ ತಿರುನೆಲ್ಲಿಗೆ ತಿರುಗುವ ಕೂಡುದಾರಿ ಇನ್ನೂ ಸ್ವಲ್ಪ ಇದೆ ಅನ್ನುವಾಗ ಮುಂದೆ ವಾಹನಗಳ ಸಾಲು ಕಂಡಿತು. ರಸ್ತೆಗೆ ಅಡ್ಡವಾಗಿ ಮರದ ದಿಮ್ಮಿ ಎಳೆದು ಜನ ಕೂತಿದ್ದರು. ಬೆಳಗಿನ ಜಾವ ಆನೆ ಒಬ್ಬನನ್ನು ಕೊಂದಿದೆ, ಅಧಿಕಾರಿಗಳು ಬಂದು ಮಾತು ಕೊಡುವವರೆಗೆ ಹೆಣ ಎತ್ತಲು ಬಿಡುವುದಿಲ್ಲ ಎಂದರು. ನಮ್ಮ ಕಡೆ ಇದು ಹೊಸದಲ್ಲ. ನಾನು ಮೊದಲು ನೋಡಿದ್ದು ಗಡಿಯಾರವನ್ನು.

ಜೆರ್ಸಿ ಹಾಕಿದ ಮಕ್ಕಳನ್ನು ಕಂಡು ಮುಂದೆ ಕೂತಿದ್ದವರಲ್ಲಿ ಒಬ್ಬ ಎದ್ದು ಬಂದ. ಎಲ್ಲಿಗೆ ಎಂದು ಕೇಳಿ ತಿಳಿದುಕೊಂಡು ಹಿಂದಿನವರಿಗೆ "ಕುಟ್ಟಿಗಳು ಪೊಯ್ಕೋಟ್ಟೆ" ಎಂದು ಕೂಗಿದ. ಮಕ್ಕಳು ಹೋಗಲಿ ಬಿಡಿ ಎಂದು. ಇಬ್ಬರು ದಿಮ್ಮಿಯ ಒಂದು ತುದಿ ಎತ್ತಿ ಸರಿಸಿದರು. ನನಗೆ ಹೋದ ಉಸಿರು ಬಂದಂತಾಯಿತು. ಅಷ್ಟರಲ್ಲಿ ಗುಂಪಿನೊಳಗಿಂದ ಒಬ್ಬ ಹೆಂಗಸು ಜೀಪಿನ ಹತ್ತಿರ ಓಡಿ ಬಂದು, ಒಳಗೆ ಕೈಹಾಕಿ ಆ ಸಣಕಲು ಹುಡುಗಿಯ ಮುಖ ಹಿಡಿದುಕೊಂಡು ಗೋಳೋ ಎಂದು ಅತ್ತಳು. ಅವಳು ಹುಡುಗಿಯ ನೆಂಟರವಳು. ಸತ್ತವನು ಹುಡುಗಿಯ ಅಜ್ಜನ ತಮ್ಮ, ಬದುವಿನಾಚೆ ಕೂತಿರುತ್ತಿದ್ದ ಆ ಮುದುಕ. ಹಿಂದಿನ ದಿನ ನೆಂಟರ ಮನೆಗೆಂದು ಈ ಕಡೆ ಬಂದವನು, ಬೆಳಿಗ್ಗೆ ಮುಂಚೆ ಎದ್ದು ವಾಪಸು ನಡೆದು ಬರುತ್ತಿದ್ದನಂತೆ. ಇವಳು ಫೈನಲಿಗೆ ಹೊರಡುವಾಗ ಮನೆಯಲ್ಲಿರಬೇಕೆಂದು.

ಹುಡುಗಿ ಅಳಲಿಲ್ಲ. ಆ ಹೆಂಗಸಿನ ಕೈ ಬಿಡಿಸಿಕೊಂಡು ಚೇಚಿಯ ಕಡೆ ತಿರುಗಿ ಕೇಳಿದಳು. "ಚೇಚೀ, ಮ್ಯಾಚ್ ಎಷ್ಟೊತ್ತಿಗೆ?"

ಚೇಚಿ ಜೀಪಿನಿಂದ ಇಳಿದಳು. ಹುಡುಗಿಯನ್ನು ಇಳಿಸಿಕೊಂಡಳು. ಆಮೇಲೆ ಉಳಿದವರಿಗೆ "ಇಳೀರಿ ಮಕ್ಕಳೇ" ಎಂದಳು.

ನಾನು ಅವಳನ್ನು ಪಕ್ಕಕ್ಕೆ ಕರೆದೆ. "ನೀನು ಈ ಹುಡುಗಿ ಜೊತೆ ಇರು. ಉಳಿದವರನ್ನ ನಾನು ಕರ್ಕೊಂಡು ಹೋಗ್ತೀನಿ. ಆಡೋಕೆ ಸಾಕಾಗುವಷ್ಟು ಜನ ಇದಾರೆ."

"ಬೇಡ ಅಣ್ಣಾ."

"ಹಾಸ್ಟೆಲಿನವರು ಬರ್ತಾರೆ. ನಿನಗೆ ಗೊತ್ತಿಲ್ವಾ?"

"ಗೊತ್ತು."

"ಮತ್ತೆ?"

ಅವಳು ಹುಡುಗಿಯ ಕಡೆ ನೋಡಿದಳು. "ಇವಳ ಮನೇಲಿ ಹೆಣ ಬಿದ್ದಿದೆ. ನಾವು ಹೋಗಿ ಗೋಲ್ ಹೊಡೆದು ಕುಣಿದು ಬರೋದಾ? ನಾಳೆ ಇವಳು ಯಾರ ಮುಖ ನೋಡ್ಕೊಂಡು ಆಡ್ತಾಳೆ?" ಎಂದಳು.

ನಾನು ಇನ್ನೂ ಏನೇನೋ ಹೇಳಿದೆ. ಅವಳು ಪಂದ್ಯ ನಡೆಸುವವರಿಗೆ ಫೋನು ಮಾಡಿ ವಿಷಯ ತಿಳಿಸಿದಳು. ಮಧ್ಯಾಹ್ನದವರೆಗೆ ಕಾಯುತ್ತೇವೆ, ಆಮೇಲೆ ಎದುರು ತಂಡಕ್ಕೆ ಕಪ್ ಕೊಡಬೇಕಾಗುತ್ತದೆ ಎಂದರು. ಸರಿ ಎಂದು ಫೋನಿಟ್ಟಳು. ಮಕ್ಕಳು ರಸ್ತೆಬದಿಯ ಮೋರಿಯ ಕಟ್ಟೆಯ ಮೇಲೆ ಸಾಲಾಗಿ ಕೂತರು, ನಡುವೆ ಆ ಹುಡುಗಿ. ನನ್ನ ನೆನಪಿನಲ್ಲಿ ನನ್ನ ಮಗಳು ಒಬ್ಬಳೇ ದೂರ ನಿಂತಿದ್ದಳು. ಇಲ್ಲ, ತಾನು ಆ ಹುಡುಗಿಯ ಎಡಗಡೆ ಕೂತು ಅವಳ ಕೈ ಹಿಡಿದಿದ್ದೆ ಎಂದು ಮಗಳು ಹೇಳುತ್ತಾಳೆ. ಅಂದಿನ ಒಂದು ಫೋಟೋ ಕೂಡ ಇಲ್ಲ, ನೋಡಿ ಹೇಳಲು. ಕ್ಯಾಮೆರಾ ಜೀಪಿನೊಳಗೇ ಇತ್ತು. ಸಿಟ್ಟಿನಲ್ಲಿ ನಾನು ಅದನ್ನು ಮುಟ್ಟಲಿಲ್ಲ.

ಅಧಿಕಾರಿಗಳು ಬಂದದ್ದು ಮಧ್ಯಾಹ್ನ ಕಳೆದ ಮೇಲೆ. ಆಂಬುಲೆನ್ಸ್ ಹೊರಟಾಗ ಮಕ್ಕಳೆಲ್ಲ ಎದ್ದು ನಿಂತರು. ಸಂಜೆ ಜೀಪು ತೋಲ್ಪೆಟ್ಟಿಗೆ ವಾಪಸಾದಾಗ ಸ್ಟ್ಯಾಂಡಿನಲ್ಲಿ ಪಟಾಕಿ ಇಟ್ಟುಕೊಂಡು ಕಾದಿದ್ದವರು ಆಗಲೇ ಸುದ್ದಿ ತಿಳಿದು ಚದುರಿಹೋಗಿದ್ದರು.

ಆ ಭಾನುವಾರ ವಾಯನಶಾಲೆಯಲ್ಲಿ, ಅಂದರೆ ನಮ್ಮೂರ ಓದುಮನೆಯಲ್ಲಿ, ಅಪ್ಪ ಅಮ್ಮಂದಿರು ಸೇರಿದರು. ಚೇಚಿಯನ್ನೂ ಕರೆಸಿದರು. ಒಬ್ಬೊಬ್ಬರೂ ಮಾತಾಡಿದರು. ಸಾವಿಗೆ ನಮಗೂ ದುಃಖವಿದೆ, ಆದರೆ ಎಲ್ಲ ಮಕ್ಕಳ ಭವಿಷ್ಯವನ್ನು ಒಬ್ಬಳು ತೀರ್ಮಾನ ಮಾಡುವುದೆಂದರೇನು ಎಂದರು. ಸ್ವಂತ ಮಕ್ಕಳಿದ್ದಿದ್ದರೆ ಹೀಗೆ ಮಾಡುತ್ತಿದ್ದಳೇ ಎಂದು ಒಬ್ಬ ಹೆಂಗಸು ಕೇಳಿದಳು. ಅದು ಹೇಳಬಾರದ ಮಾತು ಎಂದು ಎಲ್ಲರಿಗೂ ಅನ್ನಿಸಿತ್ತು, ಯಾರೂ ತಡೆಯಲಿಲ್ಲ. ಕೊನೆಗೆ ಎಲ್ಲರೂ ನನ್ನ ಕಡೆ ನೋಡಿದರು. ಅಲ್ಲಿ ಇದ್ದವನು ನಾನು. ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವಳು ನನ್ನ ಮಗಳು.

"ನಾನು ಕರ್ಕೊಂಡು ಹೋಗ್ತೀನಿ ಅಂದೆ, ಅವಳು ಬಿಡಲಿಲ್ಲ" ಎಂದೆ. ಸುಳ್ಳೇನಲ್ಲ. ನಡೆದದ್ದನ್ನೇ ಹೇಳಿದ್ದು.

ಚೇಚಿ "ಹೌದು, ಅಣ್ಣ ಹೇಳಿದ್ರು" ಎಂದಳು. ಅಷ್ಟೇ.

ಆಮೇಲೆಯೂ ಅವಳು ಗದ್ದೆಗೆ ಹೋಗುತ್ತಿದ್ದಳು, ಮಕ್ಕಳು ಕಡಿಮೆಯಾದರು. ನಾನು ಮಗಳನ್ನು ಮಾನಂತವಾಡಿಯ ಒಂದು ಅಕಾಡೆಮಿಗೆ ಸೇರಿಸಿದೆ. ಒಳ್ಳೆಯ ಹುಲ್ಲಿನ ಮೈದಾನ, ಸೀಟಿ ಊದುವ ಕೋಚು. ಶನಿವಾರ ಭಾನುವಾರ ನಾನೇ ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದೆ. ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ಅವಳು ಶೂ ಹಾಕಿಕೊಳ್ಳದೆ ಜಗಲಿಯಲ್ಲೇ ಕೂತಳು.

"ಅಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ ಅಪ್ಪಾ. ನಂಬರ್ ಕರೀತಾರೆ" ಎಂದಳು.

"ಗೊತ್ತಾಗುತ್ತೆ, ನಡಿ" ಎಂದೆ. ಅವಳು ಬರಲಿಲ್ಲ. ಇವತ್ತಿಗೂ ಆಡಿಲ್ಲ.

ಮಳೆಗಾಲದಲ್ಲಿ ಚೇಚಿಯ ಅಮ್ಮನಿಗೆ ಲಕ್ವ ಹೊಡೆಯಿತು. ಗೋಣಿಕೊಪ್ಪಲಿನಲ್ಲಿದ್ದ ಅವಳ ಅಣ್ಣ ಇಬ್ಬರನ್ನೂ ಕರೆಸಿಕೊಂಡ. ಆಟೋ ಮಾರಿ ಹೋದಳೆಂದು ನನಗೆ ಹೇಳಿದ್ದು ಎದುರಿನ ಚಹಾ ಅಂಗಡಿಯವನು. "ನಿಮಗೆ ಹೇಳ್ಲಿಲ್ವಾ?" ಎಂದು ಅವನೇ ಕೇಳಿದ. ಊರಿನ ಅಷ್ಟು ಮಕ್ಕಳನ್ನು ಮನೆಮನೆಗೆ ಬಿಟ್ಟು ಬಂದವಳನ್ನು ಬಸ್ಸು ಹತ್ತಿಸಲು ಒಬ್ಬರೂ ಹೋಗಿರಲಿಲ್ಲ.

ವರ್ಷಗಳು ಕಳೆದವು. ಮಗಳು ನರ್ಸಿಂಗ್ ಓದಲು ಕೋಳಿಕ್ಕೋಡಿಗೆ ಹೋದಳು. ಅವಳು ರಜೆಗೆ ಬಂದಿದ್ದಾಗ ನನ್ನ ತಂದೆ ತೀರಿಕೊಂಡರು. ತಾತನ ತೋಳಿನ ಮೇಲೆ ಬೆಳೆದವಳು, ಮೂಲೆ ಹಿಡಿದು ಕೂತುಬಿಟ್ಟಳು. ಯಾರು ತಿಳಿಸಿದರೋ, ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಆ ತಂಡದ ಹುಡುಗಿಯರು ಬರತೊಡಗಿದರು. ಒಬ್ಬಳು ಕಾಲೇಜಿನ ಯೂನಿಫಾರ್ಮಿನಲ್ಲಿ, ಒಬ್ಬಳು ಕಂಕುಳಲ್ಲಿ ಕೂಸು ಎತ್ತಿಕೊಂಡು. ಆ ಸಣಕಲು ಹುಡುಗಿ ಮಾನಂತವಾಡಿಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ಅಂಗಡಿಯ ಸೀರೆಯಲ್ಲೇ ಬಂದಳು. ನನ್ನ ಮಗಳ ಎರಡೂ ಕಡೆ ಗೋಡೆಗೊರಗಿ ಕೂತರು. ಬೆಂಕಿ ಇಟ್ಟು ನಾವು ಗಂಡಸರು ವಾಪಸು ಬಂದಾಗಲೂ ಅಲ್ಲೇ ಇದ್ದರು. ಬಾಗಿಲಲ್ಲಿ ನಿಂತು ಅವರನ್ನು ನೋಡಿದಾಗ ನನಗೆ ಆ ಮೋರಿಯ ಕಟ್ಟೆ ಕಣ್ಣಿಗೆ ಕಟ್ಟಿತು. ಚೇಚಿ ಅಂದು ಏನು ಮಾಡಿದಳೆಂದು ಆಗ ಅರ್ಥವಾಯಿತು ಎಂದುಕೊಂಡೆ.

ಹೋದ ವರ್ಷ ವಾಯನಶಾಲೆಯ ವಾರ್ಷಿಕೋತ್ಸವಕ್ಕೆ, ಊರಿನ ಮಕ್ಕಳಿಗೆ ಪುಕ್ಕಟೆ ಆಟ ಕಲಿಸಿದವರನ್ನು ಸನ್ಮಾನಿಸಬೇಕೆಂದು ಮಾತಾಯಿತು. ಮೊದಲು ಚೇಚಿಯ ಹೆಸರೇ ಬಂತು. ಫ್ಲೆಕ್ಸಿಗೆ ಫೋಟೋ ಬೇಕೆಂದು ನನ್ನಲ್ಲಿಗೆ ಬಂದರು. ಅವಳದು ಬೇಕಾದಷ್ಟಿದ್ದವು. ಶೂ ಲೇಸು ಕಟ್ಟುತ್ತಿರುವುದು, ಬಾಯಿಗೆ ಕೈ ಅಡ್ಡವಿಟ್ಟು ಕೂಗುತ್ತಿರುವುದು, ಮಳೆಯಲ್ಲಿ ಮಕ್ಕಳ ಬ್ಯಾಗುಗಳನ್ನೆಲ್ಲ ಆಟೋದೊಳಗೆ ತುರುಕುತ್ತಿರುವುದು. ಆರಿಸಿ ಕೊಟ್ಟೆ. ಕರೆಯಲು ಯಾರು ಹೋಗುವುದು ಎಂದಾಗ ನಾನೇ ಹೋಗುತ್ತೇನೆಂದೆ.

ಕುಟ್ಟದಲ್ಲಿ ಬಸ್ಸು ಬದಲಾಯಿಸಿ ಗೋಣಿಕೊಪ್ಪಲಿಗೆ ಹೋದೆ. ಅವಳು ಒಂದು ಶಾಲೆಯ ವ್ಯಾನು ಓಡಿಸುತ್ತಿದ್ದಳು. ತಲೆಯಲ್ಲಿ ಅಲ್ಲಲ್ಲಿ ಬಿಳಿ ಇಣುಕಿತ್ತು. ಒಳಗೆ ಮಂಚದ ಮೇಲೆ ಅಮ್ಮ. ನನ್ನನ್ನು ಕಂಡು ಅವಳಿಗೆ ನಿಜವಾಗಿಯೂ ಸಂತೋಷವಾಯಿತು. ಕಾಫಿ ಕೊಟ್ಟು, ಒಬ್ಬೊಬ್ಬ ಹುಡುಗಿಯನ್ನೂ ನೆನೆದು ಕೇಳಿದಳು. ಎಲ್ಲರದೂ ಆದ ಮೇಲೆ ನನ್ನ ಮಗಳದು.

"ಆಡ್ತಾಳಾ?"

"ಇಲ್ಲ."

ಅವಳು ತಲೆ ತಗ್ಗಿಸಿದಳು. ನಾನು ಸನ್ಮಾನದ ವಿಷಯ ಹೇಳಿದೆ. ಆಮೇಲೆ, ಬಸ್ಸಿನಲ್ಲಿ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತನ್ನು ಆಡಿದೆ. "ಅವತ್ತು ನೀನು ಮಾಡಿದ್ದೇ ಸರಿ ತಂಗೀ. ನನಗೇ ಗೊತ್ತಾಗಲಿಲ್ಲ."

ಅವಳು ನಕ್ಕಳು. ಆ ನಗುವಿನಲ್ಲಿ ಖುಷಿಯಿರಲಿಲ್ಲ. "ಇಲ್ಲ ಅಣ್ಣಾ. ನೀವು ಹೇಳಿದ್ದೇ ಸರಿ ಇತ್ತು. ನಾನು ಎಷ್ಟು ಸಲ ಯೋಚನೆ ಮಾಡಿದೀನಿ. ಸತ್ತ ಮನೆಗೆ ನಾನೊಬ್ಬಳು ಹೋಗಿದ್ರೆ ಸಾಕಿತ್ತು. ಮಕ್ಕಳನ್ನ ನಿಮ್ಮ ಜೊತೆ ಕಳಿಸಬೇಕಿತ್ತು. ನಿಮ್ಮ ಮಗಳು ಎಲ್ಲೋ ಹೋಗಿರ್ತಿದ್ಲು."

ನಾನು ಗಾಬರಿಯಾಗಿ, ನನ್ನ ತಂದೆ ತೀರಿಕೊಂಡ ದಿನ ಹುಡುಗಿಯರು ಬಂದು ಕೂತದ್ದನ್ನೆಲ್ಲ ಹೇಳಿದೆ. ನೀನು ಕಲಿಸಿದ್ದು ಅದು ಎಂದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಅದಕ್ಕೂ ಇದಕ್ಕೂ ಏನ್ ಸಂಬಂಧ ಅಣ್ಣಾ? ಒಳ್ಳೆ ಹುಡುಗೀರು. ಅವತ್ತು ಫೈನಲ್ ಆಡಿದ್ರೂ ಬರ್ತಿದ್ರು."

ಅವಳು ಹೇಳುವುದು ನಿಜವಿದ್ದರೂ ಇರಬಹುದು. ಓದುಮನೆಯಲ್ಲಿ ಆ ಭಾನುವಾರ ಒಬ್ಬರಾದರೂ ಅವಳ ಪರವಾಗಿ ಒಂದು ಮಾತು ಆಡಿದ್ದರೆ, ಅದನ್ನು ಹಿಡಿದುಕೊಂಡಾದರೂ ಅವಳು ಇಷ್ಟು ವರ್ಷ ನಿಲ್ಲುತ್ತಿದ್ದಳು. ಯಾರೂ ಆಡದೆ ಇದ್ದದ್ದರಿಂದ ನಮ್ಮ ಮಾತನ್ನೇ ನಂಬಿಬಿಟ್ಟಿದ್ದಳು. ಈಗ ನಾನು ಬಂದು ಬೇರೆ ಹೇಳಿದರೆ ಅದು ಕಾಫಿಯ ಜೊತೆ ಆಡುವ ಉಪಚಾರದ ಮಾತಿನ ಹಾಗಿತ್ತು.

"ಇಲ್ಲಿ ಮಕ್ಕಳಿಗೆ ಕಲಿಸ್ತೀಯಾ?" ಎಂದು ಕೇಳಿದೆ.

"ಶಾಲೆಯವರು ಕೇಳಿದ್ರು. ಆಗಲ್ಲ ಅಂದೆ" ಎಂದಳು. "ಇನ್ನೊಬ್ಬರ ಮಕ್ಕಳು. ನಮ್ಮ ತಲೆಗೆ ತೋಚಿದ್ದು ಮಾಡಿ, ಆಮೇಲೆ ಅವರ ಜೀವನ ಹಾಳಾದ್ರೆ?"

ಸಮಾರಂಭಕ್ಕೆ ಅವಳು ಬರಲಿಲ್ಲ. ಅಮ್ಮನನ್ನು ಬಿಟ್ಟು ಬರಲು ಆಗುವುದಿಲ್ಲವೆಂದು ಹೇಳಿ ಕಳಿಸಿದಳು. ವೇದಿಕೆಯ ಮೇಲೆ ಎಲ್ಲರೂ ಅವಳನ್ನು ಹೊಗಳಿದರು. ಅಂದು ಸ್ವಂತ ಮಕ್ಕಳ ಮಾತೆತ್ತಿದ್ದ ಹೆಂಗಸು ಕಣ್ಣೊರೆಸಿಕೊಳ್ಳುತ್ತ ಮಾತಾಡಿದಳು. ನಾನು ಫೋಟೋ ತೆಗೆದೆ. ಶಾಲನ್ನು ಆ ಸಣಕಲು ಹುಡುಗಿ ತಾನೇ ಕೊಟ್ಟುಬರುತ್ತೇನೆಂದು ಇಸಿದುಕೊಂಡು, ಅಂಗಡಿಗೆ ರಜೆ ಹಾಕಿ ಗೋಣಿಕೊಪ್ಪಲಿಗೆ ಹೋಗಿ ಬಂದಳು. ಚೇಚಿ ಅದನ್ನು ಬಿಚ್ಚಿ ನೋಡಿ, ಚೆನ್ನಾಗಿದೆ ಎಂದು ಹೇಳಿ, ಚಳಿಯೆಂದು ಅಮ್ಮನಿಗೆ ಹೊದಿಸಿದಳಂತೆ.

ಓಣಂ ರಜೆಗೆ ಮಗಳು ಬಂದಾಗ ನಡೆದದ್ದನ್ನೆಲ್ಲ ಹೇಳಿದೆ. ಅವಳು ನನ್ನನ್ನು ಬಯ್ಯಲಿಲ್ಲ. ಮರುದಿನ ಬೆಳಿಗ್ಗೆ ಒಬ್ಬಳೇ ಗೋಣಿಕೊಪ್ಪಲಿಗೆಂದು ಕುಟ್ಟದ ಬಸ್ಸು ಹತ್ತಿದಳು. ನಾನೂ ಬರುತ್ತೇನೆಂದಾಗ ಬೇಡ ಎಂದಳು. ಸಂಜೆ ಮರಳಿ ಬಂದು ಕೈಕಾಲು ತೊಳೆದು ಊಟಕ್ಕೆ ಕೂತಳು.

"ಏನಂದ್ಲು?" ಎಂದು ಅವಳಮ್ಮ ಕೇಳಿದಳು.

"ಏನೂ ಇಲ್ಲಮ್ಮಾ. ಚೇಚಿಯ ಅಮ್ಮನಿಗೆ ಸ್ನಾನ ಮಾಡಿಸಿದ್ವಿ. ಬೆನ್ನಲ್ಲಿ ಹುಣ್ಣಾಗಿದೆ, ತೊಳೆದು ಔಷಧಿ ಹಚ್ಚಿದೆ. ಮುಂದಿನ ವಾರ ಮತ್ತೆ ಹೋಗ್ಬೇಕು" ಎಂದಳು.